ಮೂಕಪ್ರಾಣಿಗಳ ನೋವಿಗೆ ಮದ್ದು

ಕೃಷ್ಣಾತೀರದ ಗೂಗಲ್ ಗ್ರಾಮವನ್ನೊಳಗೊಂಡ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ಅಶೋಕನ ಹೆಸರು ಈ ಸೀಮೆಗೆ ಚಿರಪರಿಚಿತವಾಗಿದೆ. ಆ ಅರಸನ ಎರಡನೆಯ ಶಿಲಾಶಾಸನವು ಮನುಷ್ಯಚಿಕಿತ್ಸೆಯೊಡನೆ ಪಶುಚಿಕಿತ್ಸೆಯನ್ನೂ ಹೇಳಿ, ಔಷಧಮೂಲಿಕೆಗಳಿಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದ ಸಂಗತಿಯನ್ನು ತಿಳಿಸುತ್ತದೆ. ತರುವಾಯ ಈ ಸೀಮೆಯನ್ನಾಳಿದ ಕಲ್ಯಾಣದ ಚಾಳುಕ್ಯವಂಶದ ಕೀರ್ತಿವರ್ಮನು ಸುಮಾರು 12ನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು, ಅದರಲ್ಲಿ ಮದ್ದಿನೊಡನೆ ಮಂತ್ರವೂ ಉಂಟು.

ಆಧುನಿಕ ವೈದ್ಯವು ನೋವನ್ನೇ ಶಮನಗೊಳಿಸುವ ಔಷಧಗಳನ್ನು ಒದಗಿಸಿತು. ಆದರೆ ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಅವುಗಳ ಕಳೇಬರವನ್ನುಂಡ ರಣಹದ್ದುಗಳಿಗೆ ವಿಷವಾದುದರಿಂದ, ಭಾರತದಲ್ಲಿ ಪಶುಗಳಿಗೆ ಅದರ ಬಳಕೆಯು 2006ರಲ್ಲಿ ನಿಷೇಧಿಸಲ್ಪಟ್ಟಿತು. ಆ ಹಕ್ಕಿಗಳಿಗೆ ಹಾನಿಮಾಡದ ಮೆಲಾಕ್ಸಿಕಾಮ್ ಅದರ ಸ್ಥಾನಕ್ಕೆ ಬಂದಿತು. ಬದುಕಿಸಲಾಗದ ಜೀವಕ್ಕೂ ನೋವಿನ ಉಪಶಮನವು ಸಲ್ಲತಕ್ಕದ್ದು; ಆದರೆ ಆ ಕರುಣೆಗೆ ಅರಿವೂ ಜೊತೆಯಾಗಬೇಕೆಂಬುದೇ ಈ ಇತಿಹಾಸದ ಪಾಠವು.