ಹೆಸರು ಬೆಟ್ಟದ್ದು, ಮರ ಪರದೇಶದ್ದು



ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ ನೀಲಗಿರಿ ಎಣ್ಣೆಯ ಸೀಸೆ ಹುಡುಕುವುದು ನಮ್ಮಲ್ಲಿ ರೂಢಿ. ಹೆಸರು ಕೇಳಿದವರು ಈ ಮರ ನೀಲಗಿರಿಯಲ್ಲೇ ಹುಟ್ಟಿದ್ದೆಂದು ತಿಳಿಯುವುದು ಸಹಜ. ಆದರೆ ಬೆಟ್ಟದ ಹೆಸರು ಪುರಾತನ, ಮರ ಈಚಿನದು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನೆಂದು ಚಾಮರಾಜನಗರದ 1117ರ ಕನ್ನಡ ಶಾಸನ ಸಾರುತ್ತದೆ. ಆಗ ಬೆಟ್ಟದ ಮೇಲಿದ್ದುದು ವಿಶಾಲವಾದ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಶಾಸನ ಹುಟ್ಟಿ ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1843ರಲ್ಲಿ, ಕ್ಯಾಪ್ಟನ್ ಕಾಟನ್ ಎಂಬ ಸೇನಾ ಇಂಜಿನಿಯರ್ ಆಸ್ಟ್ರೇಲಿಯಾದ ಈ ಮರವನ್ನು ಇಲ್ಲಿ ನೆಡಿಸಿದ.

ಅದು ಬಂದದ್ದು ಔಷಧಿಗಾಗಿ ಅಲ್ಲ, ಒಲೆಗಾಗಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ ನಂತರ ಉದಕಮಂಡಲ ಊರಾಗಿ ಬೆಳೆಯಿತು. ಚಳಿಯ ಊರಿಗೆ ಸೌದೆ ಬೇಕು. ಶೋಲಾ ಮರಗಳು ಕೊಡಲಿಗೆ ಬಿದ್ದವು. ಬೇಗ ಬೆಳೆಯುವ, ಕಡಿದರೂ ಬುಡದಿಂದ ಚಿಗುರುವ ಮರ ಬೇಕಾಗಿ 1856ರಿಂದ ದೊಡ್ಡ ನೆಡುತೋಪುಗಳನ್ನೇ ಎಬ್ಬಿಸಿದರು.

ಎಲೆಯಿಂದ ಎಣ್ಣೆ ತೆಗೆಯುವ ವ್ಯಾಪಾರ ಶುರುವಾದದ್ದು ಆಸ್ಟ್ರೇಲಿಯಾದಲ್ಲಿ, 1852ರಲ್ಲಿ, ಜೋಸೆಫ್ ಬೊಸಿಸ್ಟೊ ಎಂಬ ಔಷಧ ವ್ಯಾಪಾರಿಯಿಂದ. ಆ ಕಸುಬು ನಮ್ಮ ಬೆಟ್ಟಕ್ಕೂ ಬಂತು. ದೊಡ್ಡ ಹಂಡೆಯಲ್ಲಿ ಎಲೆ ತುಂಬಿ, ನೀರು ಹಾಕಿ, ಕೆಳಗೆ ಬೆಂಕಿ ಕೊಡುತ್ತಾರೆ. ಆವಿಯೊಡನೆ ಏಳುವ ಎಣ್ಣೆ ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಹಾದು ತಣಿದು, ನೀರಿನ ಮೇಲೆ ತೇಲುತ್ತದೆ. ಬೆಂದ ಎಲೆಯೂ ಒಣಗಿದರೆ ಮತ್ತೆ ಒಲೆಗೆ. ತಮಿಳರು ಇದನ್ನು ತೈಲದ ಮರ ಎಂದರು. ಕನ್ನಡಿಗರಾದ ನಾವು ಬೆಟ್ಟದ ಹೆಸರನ್ನೇ ಮರಕ್ಕಿಟ್ಟೆವು.

ಸುಗಂಧ ತೈಲಗಳ ಬಳಕೆಗೆ 'ಅರೋಮಾಥೆರಪಿ' ಎಂಬ ಹೆಸರನ್ನು ಪ್ರಚಾರಕ್ಕೆ ತಂದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟೆಫೊಸ್ಸೆ. ಅವನ ಪುಸ್ತಕ ಹೊರಬಂದದ್ದು 1937ರಲ್ಲಿ. ಹೆಸರು ಏನೇ ಇರಲಿ, ಮನೆಮದ್ದಿಗೆ ಮಿತಿ ಬೇಕು. ಕರವಸ್ತ್ರಕ್ಕೆ ಒಂದೆರಡು ಹನಿ ಹಾಕಿ ಮೂಸಿದರೆ ಮೂಗು ಬಿಟ್ಟಂತೆ ಹಾಯೆನಿಸುತ್ತದೆ. ನೆಗಡಿ ಮಾತ್ರ ತನ್ನ ಕಾಲಕ್ಕೇ ಹೋಗುವುದು. ಮೈಕೈ ನೋವಿಗೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ತಿಕ್ಕಬಹುದು. ಆದರೆ ಇದು ಕುಡಿಯುವ ವಸ್ತುವಲ್ಲ. ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬಂದೀತು. ಎಳೆಗೂಸಿನ ಮೂಗಿನ ಬಳಿ ಹಚ್ಚಲೇಬಾರದು. ಸೀಸೆ ಮಕ್ಕಳ ಕೈಗೆ ಎಟುಕದಂತಿರಲಿ.

ಇನ್ನು ಬೆಟ್ಟ ತೆತ್ತ ಬೆಲೆ. ನೀರು ಹಿಡಿದಿಟ್ಟು ನಿಧಾನವಾಗಿ ತೊರೆಗೆ ಬಿಡುತ್ತಿದ್ದ ಹುಲ್ಲುಗಾವಲುಗಳನ್ನು ನೆಡುತೋಪುಗಳು ಆವರಿಸಿದವು. ತೋಡರ ಎಮ್ಮೆಗಳಿಗೆ ಮೇವು ಕುಗ್ಗಿತು. ಗ್ಲೆನ್‌ಮಾರ್ಗನ್‌ನಲ್ಲಿ ವರ್ಷಗಟ್ಟಲೆ ನಡೆಸಿದ ಅಳತೆಯಲ್ಲಿ, ಈ ಮರ ನೆಟ್ಟ ಹುಲ್ಲುಗಾವಲಿನಿಂದ ಹರಿಯುವ ನೀರು ಕಡಿಮೆಯಾದದ್ದು ತಿಳಿದುಬಂತು. ಹಾಗೆಂದು ಮರವನ್ನಷ್ಟೇ ದೂರುವುದು ನ್ಯಾಯವಲ್ಲ. ಎಲೆ ಆರಿಸಿ, ಹಂಡೆ ಕಾಯಿಸಿ ಹೊಟ್ಟೆ ಹೊರೆದ ಬಡವರ ಸಂಸಾರಗಳೂ ಅದರ ನೆರಳಿನಲ್ಲಿವೆ. ಎಲ್ಲಿ ನೆಡಬೇಕು, ಎಷ್ಟು ನೆಡಬೇಕು ಎಂದು ಯೋಚಿಸದೆ ಬೆಟ್ಟವನ್ನೇ ಸೌದೆಯ ಉಗ್ರಾಣವೆಂದು ಬಗೆದವರದು ತಪ್ಪು.

ನೀಲಗಿರಿ ಎಂದರೆ ಮೊದಲು ಬೆಟ್ಟ, ಅದರ ಹುಲ್ಲು, ನೀರು, ಜನ. ಎಣ್ಣೆ ಆಮೇಲಿನದು. ನಮ್ಮ ಮಕ್ಕಳಿಗೆ ಈ ಅನುಕ್ರಮ ತಿಳಿದಿರಲಿ.