ಫೀಸು ಮಾಫಿ ಸರಿ, ಬಸ್ ಚಾರ್ಜು?

ಅಮೆರಿಕದ ಟೆನೆಸ್ಸಿ ರಾಜ್ಯ 2014ರಲ್ಲಿ ಒಂದು ಕಾನೂನು ಮಾಡಿತು. ಕಮ್ಯುನಿಟಿ ಕಾಲೇಜಿಗೆ ಸೇರುವವರಿಗೆ ಬೇರೆ ಗ್ರಾಂಟು ಸಿಕ್ಕ ಮೇಲೂ ಉಳಿಯುವ ಫೀಸನ್ನು ಸರ್ಕಾರ ಕಟ್ಟತ್ತೆ. ಪುಸ್ತಕ, ಪೆಟ್ರೋಲು ಹುಡುಗರದೇ. ಇದನ್ನು ಓದಿದಾಗ ನನ್ನ ತಲೆ ಓಡಿದ್ದು ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಗೆ.

ಬ್ರಿಟಿಷರ ಕಾಲಕ್ಕೆ ಇದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. (ನರಗುಂದ ಮಾತ್ರ 1858ರ ಬಂಡಾಯದ ತನಕ ಬಾಬಾಸಾಹೇಬನ ಸಂಸ್ಥಾನ.) 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗೋವರೆಗೆ ಬಿ.ಎ. ಅಂದ್ರೆ ಪುಣೆ, ಮುಂಬಯಿ, ಕೊಲ್ಲಾಪುರ. ಫೀಸಿರಲಿ, ಅಲ್ಲಿ ಊಟಕ್ಕೇನು ಮಾಡಬೇಕು ಹೇಳಿ!

ಆಗ ಕೈ ಹಿಡಿದವರು ದಾನಿಗಳು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಶಿರಸಂಗಿ-ನವಲಗುಂದ ಜಹಗೀರಿಯ ಆಸ್ತಿಯನ್ನೇ ಲಿಂಗಾಯತ ಮಕ್ಕಳ ಓದಿಗೆ ಬರೆದಿಟ್ಟರು. ದೊಡ್ಡ ಮನಸ್ಸು, ಎರಡು ಮಾತಿಲ್ಲ. ಆದ್ರೆ ಬೇರೆ ಜಾತಿಯ ಬಡ ಹುಡುಗ? ದಲಿತ ವಿದ್ಯಾರ್ಥಿಗಳಿಗೆ ಭಾರತ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂದದ್ದು 1944ರಲ್ಲಿ. ನನಗೆ ಇದು ತುಂಬಾ ದೊಡ್ಡ ತಿರುವು ಅನ್ನಿಸತ್ತೆ. ಯಾರ ಔದಾರ್ಯವನ್ನೂ ಕಾಯದೆ, ಅರ್ಜಿ ಹಾಕಿ ಕೇಳಬಹುದಾದ ದುಡ್ಡು ಅದು.

ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಫೀಸಿಲ್ಲ ಅಂತ ರಾಜ್ಯ ಬಜೆಟ್ ಘೋಷಿಸಿದ್ದು 2018ರಲ್ಲಿ. ಸರಿ, ಹಳ್ಳಿಯಿಂದ ನರಗುಂದದ ಕಾಲೇಜಿಗೆ ದಿನಾ ಬಸ್ಸು ಹತ್ತಬೇಕಲ್ಲ? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಅದು ಶಿಕ್ಷಣ ಇಲಾಖೆಯ ಯೋಜನೆಯೇ ಅಲ್ಲ, ಆದ್ರೂ ಫೀಸು ಮಾಫಿಯಲ್ಲಿ ಬಿಟ್ಟುಹೋಗಿದ್ದ ಅರ್ಧ ಲೆಕ್ಕವನ್ನು ಅದೇ ತುಂಬಿತು. ಹುಡುಗರು ಮಾತ್ರ ಇನ್ನೂ ಪಾಸಿಗೆ ದುಡ್ಡು ಕಟ್ತಾ ಇದಾರೆ :)