ಮೋಡದಲ್ಲಿಟ್ಟ ಪಟಗಳು

ನನ್ನ ಅಕ್ಕ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಅವಳ ಪಾಲಿಗೆ ಕೊನೆಯದಾದ ದೀಪಾವಳಿಗೆ ನಾನು ತೀರ್ಥಹಳ್ಳಿಯ ಬಳಿಯ ಅವಳ ಮನೆಗೆ ಹೋಗಿದ್ದೆ. ಗೋಪೂಜೆಯ ದಿನ ಹಸುವಿನ ಕೊರಳಿಗೆ ಅಡಿಕೆ, ಚೆಂಡುಹೂವುಗಳ ಸರ ಕಟ್ಟುತ್ತ ಆಕೆ ಏನನ್ನೋ ನೆನೆದು ನಕ್ಕಳು. ನನ್ನ ಕೈಯಲ್ಲಿ ಫೋನು ಇತ್ತು; ಪಟ ತೆಗೆದೆ. ಆ ಹಬ್ಬದಲ್ಲಿ ಇಪ್ಪತ್ತು ಇಪ್ಪತ್ತೈದು ಪಟಗಳನ್ನಾದರೂ ತೆಗೆದಿರಬೇಕು. ಆಗ ಎಣಿಸಲಿಲ್ಲ. ಅವಳ ವೈಕುಂಠ ಸಮಾರಾಧನೆಗೆ ಚೌಕಟ್ಟು ಹಾಕಿಸಿದ್ದು ಆ ಹಸುವಿನ ಪಟದಿಂದಲೇ, ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿ.

ಮೊನ್ನೆ ಆಷಾಢದ ಒಂದು ಭಾನುವಾರ ಅಕ್ಕನ ಮಗ ಪುಣೆಯಿಂದ ಫೋನು ಮಾಡಿದ. “ಮಾವ, ಆ ದೀಪಾವಳಿಯಲ್ಲಿ ನೀವು ತೆಗೆದ ಅಮ್ಮನ ಫೋಟೋಗಳಿದ್ದವಲ್ಲ, ಎಲ್ಲಾ ಕಳಿಸ್ತೀರಾ?” ಎಂದ. ಅದಕ್ಕೇನು ಎಂದು ಕಂಪ್ಯೂಟರ್ ತೆರೆದೆ. ಆ ವರ್ಷದ ಖಾನೆ ಬರಿದಾಗಿತ್ತು.

ನಡೆದದ್ದಿಷ್ಟು. ಯುಗಾದಿಯ ಹೊತ್ತಿಗೆ ಫೋನಿನಲ್ಲಿ ಜಾಗ ಸಾಲದೆ ಅದು ದಿನವೂ ಗೊಣಗತೊಡಗಿತು. ಪಟಗಳೆಲ್ಲ ಕ್ಲೌಡಿನಲ್ಲಿವೆ, ಅಲ್ಲಿಂದ ಕಂಪ್ಯೂಟರಿಗೂ ಇಳಿಯುತ್ತಿವೆ ಎಂಬ ಧೈರ್ಯ ನನಗೆ. ಕಣ್ಣಾರೆ ನೋಡಿಯೂ ಇದ್ದೆ. ಆದ್ದರಿಂದ ಫೋನಿನಲ್ಲಿದ್ದ ಹಳೆಯ ವರ್ಷಗಳ ಪಟಗಳನ್ನು ನಿಶ್ಚಿಂತೆಯಾಗಿ ಅಳಿಸಿಬಿಟ್ಟೆ. ಅಳಿಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ಮಾವ, ಅದು ಬ್ಯಾಕಪ್ ಅಲ್ಲ, ಸಿಂಕ್. ನೀವು ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತೆ” ಎಂದ. ಅಳಿಸಿದ ಪಟಗಳನ್ನು ಕೆಲವರು ಮೂವತ್ತು ದಿನ, ಕೆಲವರು ಅರವತ್ತು ದಿನ ಕಸದ ಬುಟ್ಟಿಯಲ್ಲಿ ಇಟ್ಟಿರುವುದುಂಟು. ನನ್ನ ಗಡುವು ಎಂದೋ ಮೀರಿತ್ತು.

ತಪ್ಪು ನನ್ನದೇ. ಆದರೆ ಬ್ಯಾಕಪ್, ಸಿಂಕ್ ಎಂಬ ಆ ಎರಡು ಮಾತುಗಳ ನಡುವೆ ಇಷ್ಟು ದೊಡ್ಡ ಕಂದಕವಿದ್ದೂ ಅದು ನನ್ನಂಥವರಿಗೆ ಕಾಣದಂತೆ ಮುಚ್ಚಿಹೋದದ್ದು ಹೇಗೆಂಬ ಕುತೂಹಲ ಹುಟ್ಟಿತು. ಪಟ ತೆಗೆಯುವ ವಿದ್ಯೆ ಹುಟ್ಟಿದಾಗಿನಿಂದ ಅದನ್ನು ಕಾಪಾಡುವ ಕಥೆಯೂ ಜೊತೆಗೇ ನಡೆದುಬಂದಿದೆ.

ಆ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಪ್ಯಾರಿಸ್ಸಿನ ಲೂಯಿ ಡಾಗೇರ್ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬಿಂಬವನ್ನು ಹಿಡಿದು ನಿಲ್ಲಿಸಿದ. ಚಿತ್ರವೇನೋ ಅದ್ಭುತ, ಆದರೆ ಆ ತಗಡು ಒಂದೇ ಒಂದು. ಅದರಿಂದ ಇನ್ನೊಂದನ್ನು ಮುದ್ರಿಸುವಂತಿರಲಿಲ್ಲ. ಬೇಕಾದರೆ ತಗಡನ್ನೇ ಎದುರಿಗಿಟ್ಟು ಮತ್ತೊಂದು ಪಟ ತೆಗೆಯಬೇಕು. ಅದೇ ವರ್ಷದ ಮಾರ್ಚ್ 8ರಂದು ಡಾಗೇರನ ಡಯೊರಾಮ ಎಂಬ ಚಿತ್ರಶಾಲೆಗೆ ಬೆಂಕಿ ಬಿತ್ತು. ಅವನ ಆರಂಭದ ಪ್ರಯೋಗಗಳ ಟಿಪ್ಪಣಿಗಳೂ ಎಷ್ಟೋ ಪಟಗಳೂ ಬೂದಿಯಾದುವು. ಛಾಯಾಗ್ರಹಣಕ್ಕೆ ಹೆಸರಿಟ್ಟ ವರ್ಷವೇ ಅದರ ಮೊದಲ ದೊಡ್ಡ ನಷ್ಟದ ವರ್ಷವೂ ಆಯಿತು.

ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ಟನ ದಾರಿ ಬೇರೆ. 1835ರಲ್ಲಿಯೇ ತನ್ನ ಲೇಕಾಕ್ ಮನೆಯ ಕಿಟಕಿಯೊಂದರ ತಲೆಕೆಳಗಾದ ಬಿಂಬವನ್ನು, ಎಂದರೆ ಬಿಳಿದು ಕರಿದಾಗಿ ಕರಿದು ಬಿಳಿದಾದ ಬಿಂಬವನ್ನು, ಕಾಗದದ ಮೇಲೆ ಮೂಡಿಸಿದ್ದ. 1841ರಲ್ಲಿ ಅವನು ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿ ತೆಗೆಯಬಹುದಾಗಿತ್ತು. ಡಾಗೇರನ ತಗಡಿನಷ್ಟು ನಯ ಇದರಲ್ಲಿರಲಿಲ್ಲವೆಂದು ಆ ಕಾಲದವರು ಮೂಗು ಮುರಿದರು. ಆದರೆ ಮುಂದೆ ನೂರೈವತ್ತು ವರ್ಷ ಲೋಕ ನಡೆದದ್ದು ಟಾಲ್ಬಟ್ಟನ ದಾರಿಯಲ್ಲಿ. ಪಟಕ್ಕೆ ಮರುಪ್ರತಿ ಎಂಬುದು ಹುಟ್ಟಿದ್ದೂ ಅಲ್ಲಿಯೇ.

ನಮ್ಮ ಮನೆಗಳಲ್ಲಿ ಇದರ ಫಲವನ್ನು ನಾವು ತಿಳಿಯದೆಯೇ ಉಂಡಿದ್ದೇವೆ. ಸ್ಟುಡಿಯೋಕ್ಕೆ ಹೋಗಿ ಪಟ ತೆಗೆಸಿದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ನೆಗೆಟಿವ್ ನಂಬರ್ ಬರೆದು ಕೊಡುತ್ತಿದ್ದರು. ಪಟ ನಮ್ಮ ಮನೆಗೆ, ನೆಗೆಟಿವ್ ಅವರ ಪೆಟ್ಟಿಗೆಗೆ. ವರಾನ್ವೇಷಣೆಗೆಂದು ತೆಗೆಸಿದ ಹುಡುಗಿಯ ಪಟದ ಪ್ರತಿಗಳು ಅಂಚೆಯಲ್ಲಿ ಊರೂರು ತಿರುಗಿ ಕೆಲವು ಹಿಂದಿರುಗುತ್ತಿದ್ದವು, ಕೆಲವು ಅಲ್ಲಲ್ಲೇ ಉಳಿಯುತ್ತಿದ್ದವು. ಮದುವೆಯ ಪಟ ಇಬ್ಬರು ಬೀಗರ ಮನೆಯಲ್ಲೂ ಇರುತ್ತಿತ್ತು. ಒಬ್ಬರ ಮನೆಗೆ ಗೆದ್ದಲು ಹತ್ತಿದರೆ ಇನ್ನೊಬ್ಬರ ಗೋಡೆಯ ಮೇಲೆ ಅಜ್ಜ ಕೋಟು ರುಮಾಲು ಧರಿಸಿ ಕುಳಿತೇ ಇರುತ್ತಿದ್ದ. ಇದನ್ನು ಯಾರೂ ಬ್ಯಾಕಪ್ ಎನ್ನಲಿಲ್ಲ. ನೆಂಟಸ್ತಿಕೆ ಎಂದರು.

ಒಂದೇ ಕಡೆ ಇಟ್ಟದ್ದು ಎಷ್ಟು ಭದ್ರವೋ ಅಷ್ಟೇ ಅಪಾಯದಲ್ಲಿಯೂ ಇರುತ್ತದೆಂಬುದಕ್ಕೆ ನಮ್ಮ ಮೂಡಬಿದಿರೆಯೇ ಸಾಕ್ಷಿ. ಧವಲಾ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಆ ಒಂದೇ ಊರಿನ ಬಸದಿಯಲ್ಲಿ ಕಾವಲಿನಲ್ಲಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಆರಂಭವಾಯಿತು. ಮುಗಿಯಲು ದಶಕಗಳೇ ಹಿಡಿದುವು. 1939ರಲ್ಲಿ ಹೀರಾಲಾಲ್ ಜೈನರು ಮೊದಲ ಸಂಪುಟವನ್ನು ಅಚ್ಚು ಹಾಕಿಸಿದಾಗ ಅವರಿಗೆ ಒದಗಿದ್ದು ಇಂಥ ನಕಲುಗಳೇ. ಮೂಲವನ್ನು ಕಾದವರೂ ಪುಣ್ಯವಂತರು, ನಕಲು ತೆಗೆದವರೂ ಪುಣ್ಯವಂತರು.

ಇನ್ನು ಫಿಲ್ಮಿಲ್ಲದ ಕ್ಯಾಮೆರಾಕ್ಕೆ ಬರೋಣ. ಕೋಡಕ್ ಕಂಪೆನಿಯಲ್ಲಿದ್ದ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಯಂತ್ರ ಸುಮಾರು ಮೂರೂವರೆ ಕಿಲೋ ತೂಗುತ್ತಿತ್ತು. ಒಂದು ಪಟವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಪಟದಲ್ಲಿದ್ದದ್ದು ಕೇವಲ 10,000 ಚುಕ್ಕೆ. ಇಂದಿನ ಸಾಧಾರಣ ಫೋನಿನ ಪಟದಲ್ಲಿಯೇ ಒಂದು ಕೋಟಿಗೂ ಮೀರಿ ಚುಕ್ಕೆಗಳಿರುತ್ತವೆ. ಅಂದು ಯಾರೂ ಗಮನಿಸದ ಒಂದು ಸಂಗತಿಯೆಂದರೆ ನೆಗೆಟಿವ್ ಅಲ್ಲಿಗೆ ಮಾಯವಾಯಿತು. ಪಟವೇ ಮೂಲ, ಮೂಲವೇ ಪಟ. ನಾವು ಮತ್ತೆ ಡಾಗೇರನ ತಗಡಿಗೆ ಹಿಂದಿರುಗಿದೆವು. ಒಂದೇ ವ್ಯತ್ಯಾಸವೆಂದರೆ ಈ ತಗಡನ್ನು ಕ್ಷಣದಲ್ಲಿ ನಕಲು ಮಾಡಬಹುದು, ಕ್ಷಣದಲ್ಲಿ ಅಳಿಸಲೂಬಹುದು.

ಫೋನಿನಿಂದ ಪಟ ಹೊರಟದ್ದು 1997ರ ಜೂನ್ 11ರಂದು. ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ್‌ನಲ್ಲಿ ಫಿಲಿಪ್ ಕಾನ್ ಎಂಬ ಎಂಜಿನಿಯರು ಹೆಂಡತಿಯ ಹೆರಿಗೆಗೆ ಕಾಯುತ್ತ ಕುಳಿತಿದ್ದವರು, ಒಂದು ಡಿಜಿಟಲ್ ಕ್ಯಾಮೆರಾ, ಒಂದು ಮೊಬೈಲ್ ಫೋನು, ಒಂದು ಲ್ಯಾಪ್‌ಟಾಪ್ ಈ ಮೂರನ್ನೂ ತಂತಿಯಿಂದ ಬೆಸೆದು ಆಗತಾನೇ ಹುಟ್ಟಿದ ಮಗುವಿನ ಪಟವನ್ನು 2,000ಕ್ಕೂ ಹೆಚ್ಚು ಮಂದಿಗೆ ಮುಟ್ಟಿಸಿದರು. ಪಟ ನೇರವಾಗಿ ಜನರ ಬಳಿಗೆ ಹೋಗಲಿಲ್ಲ. ಮೊದಲು ಅವರ ಮನೆಯಲ್ಲಿದ್ದ ಸರ್ವರ್‌ಗೆ ಹೋಯಿತು, ಅಲ್ಲಿಂದ ಹಂಚಿಕೆಯಾಯಿತು. ಎಂದರೆ ಫೋನಿನ ಮೊದಲ ಪಟವೇ ಮೋಡದ ಮೂಲಕ ಹೋಯಿತೆನ್ನಬೇಕು. ಆ ಹೆಸರು ಮಾತ್ರ ಆಮೇಲೆ ಬಂತು.

ಸಿಂಕ್ ಎಂಬುದರ ಬೀಜ ಅದಕ್ಕೂ ಒಂದು ವರ್ಷ ಹಿಂದಿನದು. 1996ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬಿಬ್ಬರು ಆರ್‌ಸಿಂಕ್ ಎಂಬ ಸಾಧನವನ್ನು ಹೊರತಂದರು. ಅದರ ಯುಕ್ತಿ ಹೀಗೆ. ಎರಡು ಊರುಗಳಲ್ಲಿ ಒಂದೇ ಲೆಕ್ಕದ ಪುಸ್ತಕದ ಎರಡು ಪ್ರತಿಗಳಿವೆ ಎನ್ನಿ. ಒಂದರಲ್ಲಿ ಯಾವುದೋ ಪುಟ ತಿದ್ದಿದೆ. ಇಡೀ ಪುಸ್ತಕವನ್ನು ಗಾಡಿಯಲ್ಲಿ ಹೇರಿ ಕಳಿಸುವ ಬದಲು ಪ್ರತಿ ಪುಟದ ಕೆಳಗಿನ ಮೊತ್ತವನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ, ಆ ಊರಿನ ಶಾನುಭೋಗರು ತಾಳೆ ನೋಡಿ, ಮೊತ್ತ ಹೊಂದದ ಪುಟವನ್ನು ಮಾತ್ರ ಕಳಿಸಿರೆಂದು ಹೇಳಬಹುದು. ನಿಧಾನವಾದ ತಂತಿಗಳ ಕಾಲದಲ್ಲಿ ಇದು ದೊಡ್ಡ ಉಪಕಾರ. ಈ ಆರ್‌ಸಿಂಕ್‌ನಲ್ಲಿ ಒಂದು ಹಳೆಯ ಕಾಲದ ಸಂಕೋಚವಿದೆ. ಈ ಕಡೆ ಇಲ್ಲವಾದದ್ದನ್ನು ಆ ಕಡೆಯೂ ಅಳಿಸು ಎಂದು ಪ್ರತ್ಯೇಕವಾಗಿ ಅಪ್ಪಣೆ ಕೊಟ್ಟ ಹೊರತು ಅದು ಅಳಿಸುವುದಿಲ್ಲ.

ಆ ಸಂಕೋಚ ಹೋದದ್ದು ಸೌಕರ್ಯದ ಬೆನ್ನು ಹತ್ತಿದ ಮೇಲೆ. 2006ರಲ್ಲಿ ಅಮೆಜಾನ್ ತನ್ನ ಉಗ್ರಾಣದ ಜಾಗವನ್ನು, ಎಂದರೆ ಕಂಪ್ಯೂಟರುಗಳ ಉಗ್ರಾಣವನ್ನು, ಬಾಡಿಗೆಗೆ ಕೊಡತೊಡಗಿತು. 2007ರಲ್ಲಿ ಡ್ರೂ ಹ್ಯೂಸ್ಟನ್ ಡ್ರಾಪ್‌ಬಾಕ್ಸ್ ಆರಂಭಿಸಿದರು. ಬಸ್ಸು ಹತ್ತಿದ ಮೇಲೆ ಪೆನ್‌ಡ್ರೈವ್ ಮರೆತುಬಂದದ್ದು ನೆನಪಾಗಿ ಈ ಆಲೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಒಂದು ಕಡೆ ಇಟ್ಟದ್ದು ಎಲ್ಲ ಕಡೆಯೂ ಕಾಣಬೇಕು. ಒಂದು ಕಡೆ ತೆಗೆದದ್ದು ಎಲ್ಲ ಕಡೆಯೂ ಹೋಗಬೇಕು. ಕಚೇರಿಯ ಕಾಗದಗಳಿಗೆ ಇದು ಸರಿಯಾದ ನ್ಯಾಯವೇ. ಅಕ್ಕನ ಪಟಕ್ಕೂ ಅದೇ ನ್ಯಾಯವೆಂಬುದು ನಮಗೆ ಹೊಳೆಯಲಿಲ್ಲ.

2011ರಲ್ಲಿ ಆಪಲ್‌ನ ಐಕ್ಲೌಡ್ ಬಂದಾಗ ಅದರ ಫೋಟೋ ಸ್ಟ್ರೀಮ್‌ನಲ್ಲಿ ಪಟಗಳು ಮೋಡದಲ್ಲಿ ಇರುತ್ತಿದ್ದುದು ಮೂವತ್ತೇ ದಿನ. ಅದು ಹರಿಯುವ ಕಾಲುವೆ, ಕೆರೆಯಲ್ಲ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸ ಇದ್ದೇ ಇತ್ತು. 2014ರ ವೇಳೆಗೆ ಮೋಡವೇ ಕೆರೆಯಾಯಿತು. ಮೂಲ ಪಟ ಅಲ್ಲಿರಲಿ, ಫೋನಿನಲ್ಲಿ ಅದರ ಸಣ್ಣ ನೆರಳು ಸಾಕು ಎಂಬ ಏರ್ಪಾಡೂ ಬಂತು. 2015ರ ಮೇ ತಿಂಗಳಲ್ಲಿ ಗೂಗಲ್ ಫೋಟೋಸ್ ಪಟಗಳನ್ನು ಸ್ವಲ್ಪ ಕುಗ್ಗಿಸಿ ಇಡಲೊಪ್ಪುವವರಿಗೆ ಎಷ್ಟು ಬೇಕಾದರೂ ಜಾಗ ಉಚಿತವೆಂದು ಸಾರಿತು. ಧರ್ಮಛತ್ರದ ಬಾಗಿಲು ತೆರೆದಂತಾಯಿತು. 2020ರ ನವೆಂಬರಿನಲ್ಲಿ ಆ ಕಂಪೆನಿಯೇ ಹೇಳಿದ ಲೆಕ್ಕ: 4 ಲಕ್ಷ ಕೋಟಿಗೂ ಹೆಚ್ಚು ಪಟಗಳು ಸೇರಿವೆ, ವಾರಕ್ಕೆ 2,800 ಕೋಟಿ ಹೊಸ ಪಟ, ವೀಡಿಯೋಗಳು ಬರುತ್ತಿವೆ. ಛತ್ರ ನಡೆಸುವುದು ಯಾರಿಗೆ ತಾನೇ ಸಾಧ್ಯ? 2021ರ ಜೂನ್ 1ರಿಂದ ಹೊಸದಾಗಿ ಇಡುವ ಪಟಗಳು 15 ಜಿಬಿಯ ಮಿತಿಯ ಲೆಕ್ಕಕ್ಕೆ ಸೇರಿದುವು, ಮೀರಿದರೆ ಬಾಡಿಗೆ.

ಕಂಪ್ಯೂಟರಿನ ಸಂಬಂಧ ಅಷ್ಟರಲ್ಲೇ ಸಡಿಲವಾಗಿತ್ತು. ಮೊದಲು ಗೂಗಲ್ಲಿನ ಪಟಗಳು ಡ್ರೈವ್ ಎಂಬ ಅದರ ಇನ್ನೊಂದು ಉಗ್ರಾಣದಲ್ಲಿಯೂ ಕಾಣಿಸಿಕೊಂಡು, ಅಲ್ಲಿಂದ ಮನೆಯ ಕಂಪ್ಯೂಟರಿಗೆ ತಾವಾಗಿಯೇ ಇಳಿಯುವಂತೆ ಮಾಡಿಕೊಳ್ಳಬಹುದಿತ್ತು. ಈ ನಂಟು ಜನರನ್ನು ಗೊಂದಲಕ್ಕೆ ಕೆಡವುತ್ತಿದೆಯೆಂದು 2019ರ ಜುಲೈಯಲ್ಲಿ ಅದನ್ನು ಕಡಿದುಹಾಕಿದರು. ನನ್ನ ಗೊಂದಲ ನನ್ನೊಬ್ಬನದೇ ಅಲ್ಲವೆಂದು ಇದನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮೋಡವೆಂದರೆ ಮೋಡವೇನಲ್ಲ, ದೂರದ ಊರುಗಳಲ್ಲಿ ಹಗಲಿರುಳು ಗಾಳಿಯಂತ್ರಗಳು ಮೊರೆಯುವ ದೊಡ್ಡ ಕಟ್ಟಡಗಳು. ಅಲ್ಲಿಯವರು ಜಾಗರೂಕರು, ಒಂದು ಡಿಸ್ಕ್ ಕೆಟ್ಟರೆ ಇನ್ನೊಂದಿರಲೆಂದು ಪ್ರತಿಗಳನ್ನು ಇಟ್ಟಿರುತ್ತಾರೆ. ಆದರೂ ಎಡವುವುದುಂಟು. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಸೈಡ್‌ಕಿಕ್ ಎಂಬ ಫೋನಿನವರ ವಿಳಾಸ, ಪಟಗಳೆಲ್ಲ ಸರ್ವರ್ ಕೆಟ್ಟು ಹೋದುವೆಂದು ಹಾಹಾಕಾರವೆದ್ದಿತು. ಬಹುಪಾಲು ಆಮೇಲೆ ಸಿಕ್ಕಿತು. 1998ರಲ್ಲಿ ಪಿಕ್ಸಾರ್ ಚಿತ್ರಶಾಲೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದಾಗ ಸಂಸ್ಥೆಯ ಬ್ಯಾಕಪ್ಪೂ ಕೈಕೊಟ್ಟಿತ್ತು. ಎಳೆಗೂಸಿನ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಆ ಚಿತ್ರವನ್ನು ಉಳಿಸಿತು. ನನ್ನ ಪ್ರಕರಣದಲ್ಲಿ ಯಾವ ಯಂತ್ರವೂ ಕೆಡಲಿಲ್ಲ. ಎಲ್ಲವೂ ನನ್ನ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದುವು. ಅವರ ಕೈತಪ್ಪಿನಿಂದ ಕಾಪಾಡುವ ಪ್ರತಿಗಳು ಅವರಲ್ಲಿದ್ದುವು. ನನ್ನ ಕೈತಪ್ಪಿನಿಂದ ಕಾಪಾಡುವ ಪ್ರತಿ ನಾನು ಇಡಬೇಕಾಗಿತ್ತು.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಬಳಕೆಗೆ ತಂದ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಈಗ ತಿಂಗಳಿಗೊಂದು ಭಾನುವಾರ ಫೋನಿಗೆ ಕೇಬಲ್ ಸಿಕ್ಕಿಸಿ ಪಟಗಳನ್ನು ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ, ಅದನ್ನು ಕಳಚಿ ಬೀರುವಿನಲ್ಲಿಡುತ್ತೇನೆ. ಕಳಚಿಡುವುದೇ ಮುಖ್ಯ. ಫೋನಿನಲ್ಲಿ ಜಾಗ ಬೇಕಾದಾಗ ‘ಅಳಿಸು’ ಎಂಬುದನ್ನು ಒತ್ತದೆ, ಫೋನಿನ ಪ್ರತಿಯನ್ನು ಮಾತ್ರ ತೆಗೆಯುವ ಬೇರೆ ಗುಂಡಿ ಕೆಲವು ಆಪ್‌ಗಳಲ್ಲಿರುವುದನ್ನೂ ಕಲಿತಿದ್ದೇನೆ. ಇನ್ನೊಂದು ಡಿಸ್ಕು ಪುಣೆಗೆ ಹೋಗಿದೆ.

ಅಕ್ಕನ ಪಟಗಳಲ್ಲಿ ನಾಲ್ಕು ನೆಂಟರ ಫೋನುಗಳಲ್ಲಿ ಸಿಕ್ಕಿದುವು, ವಾಟ್ಸಾಪಿನಲ್ಲಿ ಹೋಗಿ ಬಂದು ಸೊರಗಿದ್ದುವು. ಉಳಿದವು ಹೋದಂತೆಯೇ. ಕಳೆದ ತಿಂಗಳು ತೀರ್ಥಹಳ್ಳಿಗೆ ಹೋದಾಗ, ಚೌಕಟ್ಟು ಹಾಕಿಸಿದ ಸ್ಟುಡಿಯೋ ನೆನಪಾಗಿ ಒಳಹೊಕ್ಕು ಕೇಳಿದೆ. ಹುಡುಗ ಗಿರಾಕಿಗಳ ಕಡತಗಳನ್ನು ಹಳೆಯ ಕಂಪ್ಯೂಟರಿನಲ್ಲಿ ಹಾಗೆಯೇ ಬಿಟ್ಟಿದ್ದ. ಮುಖವನ್ನು ಕತ್ತರಿಸುವುದಕ್ಕೆ ಮುಂಚಿನ ಇಡೀ ಪಟ ತೆರೆಯ ಮೇಲೆ ಮೂಡಿತು: ಕೊಟ್ಟಿಗೆಯ ಬಾಗಿಲು, ಹಸು, ಅಡಿಕೆಯ ಸರ, ಅಕ್ಕನ ಎರಡು ಕೈಗಳು.

“ಪ್ರಿಂಟ್ ಹಾಕ್ಲಾ ಸಾರ್? ಎಷ್ಟು?” ಎಂದು ಕೇಳಿದ.

“ಮೂರು” ಎಂದೆ.